ಹತ್ತು ಲಕ್ಷಕ್ಕೊಬ್ಬರ ವ್ಯಾಧಿ

ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ವ್ಯಾಧಿಯೊಂದಿದೆಯೆಂದು ಕೇಳಿದೊಡನೆ ಅನೇಕರ ಮನಸ್ಸಿನಲ್ಲಿ ಮೂಡುವ ಪ್ರಶ್ನೆ ಒಂದೇ: ಅದರ ಗೊಡವೆ ನಮಗೇಕೆ? ಕ್ಷಯ, ಮಧುಮೇಹ, ರಕ್ತದ ಒತ್ತಡ ಮೊದಲಾದುವು ಮನೆಮನೆಯ ಬಾಗಿಲನ್ನೂ ತಟ್ಟುತ್ತಿರುವಾಗ, ಊರಿಗೊಬ್ಬರಿಗೂ ಬಾರದ ಕಾಯಿಲೆಗಾಗಿ ಕಾಲವನ್ನೂ ಹಣವನ್ನೂ ವ್ಯಯಮಾಡುವುದು ಉಚಿತವೆ? ಹೀಗೆ ಕೇಳುವವರು ನಿರ್ದಯರೇನೂ ಅಲ್ಲ; ಅವರ ಲೆಕ್ಕದಲ್ಲಿ ತಕ್ಕಮಟ್ಟಿನ ನ್ಯಾಯವೂ ಉಂಟು. ಆದರೆ ಆ ಲೆಕ್ಕವು ಅಪೂರ್ಣವೆಂಬುದು ನಮ್ಮ ಅಭಿಪ್ರಾಯ. ವಿರಳವಾದುದನ್ನು ಬದಿಗೊತ್ತುವ ಸಮಾಜವು ಕೆಲವು ರೋಗಿಗಳನ್ನು ಕೈಬಿಡುವುದಷ್ಟೇ ಅಲ್ಲದೆ, ಎಲ್ಲರಿಗೂ ಉಪಯುಕ್ತವಾಗಬಲ್ಲ ಜ್ಞಾನದ ಒಂದು ಬಾಗಿಲನ್ನೂ ಮುಚ್ಚಿಬಿಡುತ್ತದೆ. ಅಡ್ರಿನಲ್ ಗ್ರಂಥಿಯ ತೊಗಟೆಯಲ್ಲಿ ಹುಟ್ಟುವ ಕ್ಯಾನ್ಸರನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ವಾಚಕರ ಮುಂದಿಡಲು ಬಯಸುತ್ತೇವೆ. ನಾವು ಭೌತಶಾಸ್ತ್ರವನ್ನು ಬೋಧಿಸುವವರು, ವೈದ್ಯರಲ್ಲ. ಆದರೆ ಈ ವ್ಯಾಧಿಯ ವೃತ್ತಾಂತದಲ್ಲಿ ಅಳತೆಯ ಪಾತ್ರ ಬಹು ಹಿರಿದು. ಆದುದರಿಂದ ಅಳೆಯುವ ವಿದ್ಯೆಯನ್ನು ಕಲಿಸುವವರು ಇದರ ವಿಷಯವಾಗಿ ನಾಲ್ಕು ಮಾತು ಹೇಳಿದರೆ ಅಧಿಕಪ್ರಸಂಗವಾಗಲಾರದೆಂದು ನಂಬಿದ್ದೇವೆ.

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯನ್ನಿಟ್ಟಂತೆ ಎರಡು ಸಣ್ಣ ಗ್ರಂಥಿಗಳು ಕುಳಿತಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಮುಗಳಷ್ಟು ಮಾತ್ರ. ಇಟಲಿಯ ಅಂಗರಚನಾಶಾಸ್ತ್ರಜ್ಞನಾದ ಬಾರ್ತೊಲೊಮಿಯೊ ಯುಸ್ಟಾಕಿಯು ಹದಿನಾರನೆಯ ಶತಮಾನದಲ್ಲಿಯೇ ಇವನ್ನು ವರ್ಣಿಸಿದ್ದರೂ, ಇವುಗಳಿಂದ ದೇಹಕ್ಕೇನು ಪ್ರಯೋಜನವೆಂಬುದು ಮುಂದೆ ಸುಮಾರು ಮುನ್ನೂರು ವರ್ಷಗಳವರೆಗೆ ತಿಳಿಯಲಿಲ್ಲ. ೧೮೫೫ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಎಂಬ ವೈದ್ಯನು ದಿನೇ ದಿನೇ ಬಳಲಿ, ಚರ್ಮ ಕಪ್ಪಡರಿ ಮಡಿದ ಕೆಲವು ರೋಗಿಗಳಲ್ಲಿ ಈ ಗ್ರಂಥಿಗಳು ಕೆಟ್ಟಿದ್ದುವೆಂದು ಪ್ರಕಟಿಸಿದನು. ಅವನ ಗ್ರಂಥದಲ್ಲಿದ್ದುದು ಹನ್ನೊಂದೇ ಮಂದಿ ರೋಗಿಗಳ ವೃತ್ತಾಂತ. ಮರುವರ್ಷವೇ ಬ್ರೌನ್-ಸೆಕಾರ್ ಎಂಬ ವಿಜ್ಞಾನಿಯು ಎರಡು ಗ್ರಂಥಿಗಳನ್ನೂ ತೆಗೆದುಹಾಕಿದ ಪ್ರಾಣಿಗಳು ಬದುಕಲಾರವೆಂದು ತೋರಿಸಿದನು. ನಿರ್ನಾಳ ಗ್ರಂಥಿಗಳನ್ನು ಕುರಿತ ಇಂದಿನ ವಿಶಾಲವಾದ ಶಾಸ್ತ್ರವು ಆ ಹನ್ನೊಂದು ಮಂದಿಯ ಮೇಲೆ ಇಟ್ಟ ಅಡಿಗಲ್ಲಿನಿಂದ ಬಹುಮಟ್ಟಿಗೆ ಮೇಲೆದ್ದುದೆಂದು ಹೇಳಬಹುದು. ಹನ್ನೊಂದು ಎಂಬುದು ಸಣ್ಣ ಸಂಖ್ಯೆ. ಆದರೆ ಅದನ್ನು ಒಂದೆಡೆ ಕೂಡಿಟ್ಟು ನೋಡಿದಾಗ ಕಂಡ ಸತ್ಯವು ಸಣ್ಣದಾಗಿರಲಿಲ್ಲ.

ಈ ಗ್ರಂಥಿಗೆ ಹಣ್ಣಿನಲ್ಲಿರುವಂತೆ ಹೊರಗಿನ ತೊಗಟೆ, ಒಳಗಿನ ತಿರುಳು ಎಂದು ಎರಡು ಭಾಗಗಳು. ಹೆದರಿಕೆಯಾದಾಗ ಎದೆಬಡಿತವನ್ನು ಹೆಚ್ಚಿಸುವ ಅಡ್ರಿನಲಿನ್ ತಿರುಳಿನಲ್ಲಿ ತಯಾರಾಗುವುದು. ತೊಗಟೆಯಾದರೋ ಕೊಲೆಸ್ಟರಾಲ್ ಎಂಬ ಕೊಬ್ಬಿನಂಥ ಪದಾರ್ಥವನ್ನು ಕಚ್ಚಾ ಸಾಮಗ್ರಿಯಾಗಿ ಪಡೆದು, ಹಂತಹಂತವಾಗಿ ಅದನ್ನು ಮಾರ್ಪಡಿಸಿ, ಸ್ಟೀರಾಯ್ಡುಗಳೆಂಬ ಹಾರ್ಮೋನುಗಳನ್ನು ಸಿದ್ಧಪಡಿಸುತ್ತದೆ. ಇವುಗಳಲ್ಲಿ ಕಾರ್ಟಿಸಾಲ್ ರಕ್ತದ ಸಕ್ಕರೆಯನ್ನೂ, ದೇಹವು ಆಘಾತಗಳನ್ನೆದುರಿಸುವ ಶಕ್ತಿಯನ್ನೂ ಕಾಪಾಡುವುದು. ಆಲ್ಡೊಸ್ಟಿರೋನ್ ಉಪ್ಪು ನೀರುಗಳ ಸಮತೋಲವನ್ನು ನೋಡಿಕೊಳ್ಳುವುದು. ಮತ್ತೆ ಕೆಲವು ಪುರುಷಲಕ್ಷಣಗಳಿಗೆ ಸಂಬಂಧಪಟ್ಟುವು. ಬೆರಳ ತುದಿಯಷ್ಟು ಗಾತ್ರದ ಈ ಕಾರ್ಖಾನೆಯು ಸರಿಯಾಗಿ ನಡೆಯುವವರೆಗೆ ಅದರ ಇರವೇ ನಮ್ಮ ಗಮನಕ್ಕೆ ಬರುವುದಿಲ್ಲ.

ತೊಗಟೆಯ ಜೀವಕಣಗಳು ಹದ್ದುಮೀರಿ ಬೆಳೆಯತೊಡಗಿದಾಗ ಹುಟ್ಟುವುದೇ ಈ ಕ್ಯಾನ್ಸರು. ಐದು ವರ್ಷದೊಳಗಿನ ಮಕ್ಕಳಲ್ಲಿಯೂ, ಮತ್ತೆ ನಲವತ್ತು ಐವತ್ತರ ವಯಸ್ಸಿನವರಲ್ಲಿಯೂ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕ. ಅನೇಕ ರೋಗಿಗಳಲ್ಲಿ ಗಂತಿಯು ಹಾರ್ಮೋನುಗಳನ್ನು ಮಿತಿಮೀರಿ ಸುರಿಸುತ್ತದೆ. ಆಗ ಮುಖವು ಚಂದ್ರಬಿಂಬದಂತೆ ಗುಂಡಗಾಗಿ, ತೋಳು ತೊಡೆಗಳು ಸೊರಗಿ, ಹೊಟ್ಟೆಯ ಮೇಲೆ ಕೆನ್ನೀಲಿ ಗೆರೆಗಳು ಮೂಡಿ, ರಕ್ತದ ಒತ್ತಡವೂ ಸಕ್ಕರೆಯೂ ಏರುವುವು. ಸ್ತ್ರೀಯರಲ್ಲಿ ಮೀಸೆ ಗಡ್ಡಗಳು ಕಾಣಿಸಿಕೊಳ್ಳುವುದೂ, ಎಳೆಯ ಮಕ್ಕಳಲ್ಲಿ ಪ್ರಾಯದ ಲಕ್ಷಣಗಳು ಅಕಾಲದಲ್ಲಿ ತೋರುವುದೂ ಉಂಟು. ಮಿಕ್ಕವರಲ್ಲಿ ಗಂತಿಯು ಮೌನವಾಗಿ ಬೆಳೆದು, ಪತ್ತೆಯಾಗುವ ಹೊತ್ತಿಗೆ ಹತ್ತು ಸೆಂಟಿಮೀಟರಿಗೂ ಹಿಗ್ಗಿರುವುದು ಅಪರೂಪವಲ್ಲ. ಗ್ರಂಥಿಯೊಳಗೇ ಇರುವಾಗ ಅದರ ಕೋಶವು ಒಡೆಯದಂತೆ ಇಡಿಯಾಗಿ ಕತ್ತರಿಸಿ ತೆಗೆದರೆ ಗುಣವಾಗುವ ಆಸೆಯಿದೆ. ಶ್ವಾಸಕೋಶ, ಯಕೃತ್ತುಗಳಿಗೆ ಹರಡಿದ ಮೇಲೆ ಐದು ವರ್ಷ ಬದುಕುವವರು ಅಲ್ಪಸಂಖ್ಯಾತರು. ಹೀಗಿರುವಲ್ಲಿ, ಬೇಗ ಕಂಡುಹಿಡಿಯುವುದೇ ಪರಿಹಾರವಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮಾತು ನಿಜ, ಆದರೆ ತೊಡಕಿರುವುದೂ ಅಲ್ಲಿಯೇ.

ಮಧ್ಯವಯಸ್ಸನ್ನು ದಾಟಿದ ನೂರು ಮಂದಿಯ ಹೊಟ್ಟೆಯನ್ನು ಸಿ.ಟಿ. ಯಂತ್ರದಿಂದ ಪರೀಕ್ಷಿಸಿದರೆ, ಮೂವರು ನಾಲ್ವರ ಅಡ್ರಿನಲ್ ಗ್ರಂಥಿಯಲ್ಲಿ ಯಾವುದಾದರೊಂದು ಗಂಟು ಕಾಣುತ್ತದೆ. ಅವುಗಳಲ್ಲಿ ಬಹುಪಾಲು ನಿರಪಾಯಕರವಾದುವು. ಈಗ ಒಂದು ಲೆಕ್ಕ ಮಾಡೋಣ. ಅಂಥ ಹತ್ತು ಲಕ್ಷ ಜನರನ್ನು ಪರೀಕ್ಷಿಸಿದರೆ ಮೂವತ್ತು ನಲವತ್ತು ಸಾವಿರ ಗಂಟುಗಳು ಸಿಕ್ಕುವುವು; ಆ ವರ್ಷ ಈ ಕ್ಯಾನ್ಸರು ತಗಲುವವರು ಕೈಬೆರಳಲ್ಲಿ ಎಣಿಸುವಷ್ಟು. ನೂರು ನಿರಪಾಯಕರ ಗಂಟುಗಳಲ್ಲಿ ಒಂದನ್ನು ಮಾತ್ರ ಕ್ಯಾನ್ಸರೆಂದು ತಪ್ಪಾಗಿ ಹೇಳುವ ಪರೀಕ್ಷೆಯೊಂದು ನಮ್ಮ ಕೈಯಲ್ಲಿದೆಯೆನ್ನಿ. ಮೇಲೆ ನೋಡಿದರೆ ಅದು ಬಹಳ ನೆಚ್ಚತಕ್ಕ ಪರೀಕ್ಷೆ. ಆದರೂ ಅದು ಮುನ್ನೂರು ನಾನೂರು ಮಂದಿ ಆರೋಗ್ಯವಂತರನ್ನು ವೃಥಾ ಭಯಪಡಿಸಿ ಶಸ್ತ್ರಚಿಕಿತ್ಸೆಯ ಮೇಜಿನತ್ತ ದೂಡುವುದು. ಹೀಗೆ, ವಿರಳವಾದುದನ್ನು ಹುಡುಕುವಾಗ ಒಳ್ಳೆಯ ಪರೀಕ್ಷೆಯೂ ಸಾಲದೆಹೋಗುತ್ತದೆ. ಇದು ವೈದ್ಯರ ದೋಷವಲ್ಲ, ಯಂತ್ರದ ದೋಷವೂ ಅಲ್ಲ. ಸಂಭಾವ್ಯತೆಯ ಗಣಿತವು ವಿಧಿಸಿರುವ ನಿಯಮ. ಪದವಿ ತರಗತಿಯಲ್ಲಿ ದಾಳ ನಾಣ್ಯಗಳ ಮೂಲಕ ಕಲಿಸುವ ಆ ಗಣಿತವು ಮನುಷ್ಯನ ಜೀವದ ಪ್ರಶ್ನೆಯಾಗಿ ನಿಲ್ಲುವುದು ಇಂಥ ಸ್ಥಳದಲ್ಲಿಯೇ.

ಈ ತೊಡಕನ್ನು ಬಿಡಿಸುವ ದಾರಿಯನ್ನು ನೋಡಿ. ಸಿ.ಟಿ. ಯಂತ್ರವು ದೇಹದ ಪ್ರತಿಯೊಂದು ಬಿಂದುವೂ ಕ್ಷ-ಕಿರಣವನ್ನು ಎಷ್ಟರಮಟ್ಟಿಗೆ ತಡೆಯುವುದೆಂಬುದನ್ನು ಅಳೆದು ಅದಕ್ಕೊಂದು ಅಂಕವನ್ನು ಕೊಡುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಋಣ ೧೦೦೦, ಕೊಬ್ಬಿಗೆ ಸುಮಾರು ಋಣ ೧೦೦. ಈ ಯಂತ್ರಕ್ಕಾಗಿ ೧೯೭೯ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಇಬ್ಬರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಜಿನಿಯರು, ಆಲನ್ ಕಾರ್ಮಾಕ್ ಭೌತಶಾಸ್ತ್ರಜ್ಞ. ತೊಗಟೆಯ ನಿರಪಾಯಕರ ಗಂಟುಗಳಲ್ಲಿ ಅನೇಕವು ತಮ್ಮ ಕಚ್ಚಾ ಸಾಮಗ್ರಿಯಾದ ಕೊಬ್ಬನ್ನು ಒಡಲಲ್ಲಿ ತುಂಬಿಕೊಂಡಿರುವುದರಿಂದ ಅವುಗಳ ಅಂಕ ತಗ್ಗಿನದು. ಒಂದೇ ಸಮನಾಗಿ ತೋರುವ ಗಂಟಿನ ಅಂಕವು ಹತ್ತು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಿಶ್ಚಿಂತೆಯಿಂದಿರಬಹುದೆಂಬುದು ಇಂದಿನ ವೈದ್ಯರ ಅಭಿಮತ. ಹೆಚ್ಚಿದ್ದರೆ ಸಂಶಯ ಉಳಿಯುವುದು. ಆದರೆ ಸಂಶಯವು ನಿರ್ಣಯವಲ್ಲ.

ಇನ್ನೊಂದು ಅಳತೆಯು ಮೂತ್ರದಲ್ಲಿ ದೊರೆಯುತ್ತದೆ. ಕ್ಯಾನ್ಸರಿನ ಜೀವಕಣಗಳು ಸ್ಟೀರಾಯ್ಡುಗಳನ್ನು ತಯಾರಿಸುವ ಕೆಲಸವನ್ನು ಅರ್ಧಂಬರ್ಧ ಮಾಡುವುದರಿಂದ ನಡುಹಂತದ ಪದಾರ್ಥಗಳು ಮೂತ್ರದಲ್ಲಿ ಅಧಿಕವಾಗಿ ಬೀಳುವುವು. ಒಂದರಿಂದೊಂದಕ್ಕೆ ಕೂದಲೆಳೆಯಷ್ಟೇ ವ್ಯತ್ಯಾಸವುಳ್ಳ ಈ ಅಣುಗಳನ್ನು ಬೇರ್ಪಡಿಸಿ ಅಳೆಯುವುದು ದ್ರವ್ಯರಾಶಿ ರೋಹಿತಮಾಪಕ. ೧೯೧೯ರಲ್ಲಿ ಕೇಂಬ್ರಿಜಿನ ಆಸ್ಟನ್ ಎಂಬಾತನು ನಿಯಾನ್ ಅನಿಲದ ಐಸೊಟೋಪುಗಳನ್ನು ಬೇರ್ಪಡಿಸಲು ರಚಿಸಿದ ಉಪಕರಣದ ವಂಶಕ್ಕೆ ಸೇರಿದುದು ಅದು. ನಿಯಾನಿನ ತೂಕವನ್ನು ತಿಳಿಯುವುದರಿಂದ ರೋಗಿಗೇನು ಲಾಭವೆಂದು ಅಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ಇವುಗಳಲ್ಲಿ ಯಾವ ಅಳತೆ ಎಷ್ಟು ನಂಬತಕ್ಕದ್ದು? ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದಕ್ಕೆ ಸೊಗಸಾದ ಉತ್ತರ ಕೊಟ್ಟಿದೆ. ಅನೇಕ ದೇಶಗಳ ೧೪ ಕೇಂದ್ರಗಳು ಕೂಡಿ ಅಡ್ರಿನಲ್ ಗಂಟುಳ್ಳ ೨೦೧೭ ಮಂದಿಯನ್ನು ಪರೀಕ್ಷಿಸಿದುವು. ನಾಲ್ಕು ಸೆಂಟಿಮೀಟರು ಅಥವಾ ಅದಕ್ಕೆ ಮೀರಿದ ಗಂಟುಳ್ಳವರಲ್ಲಿ ತೊಗಟೆಯ ಕ್ಯಾನ್ಸರು ಇದ್ದುದು ಸುಮಾರು ಐವರಲ್ಲಿ ಒಬ್ಬರಿಗೆ, ಸಿ.ಟಿ. ಅಂಕವು ಇಪ್ಪತ್ತನ್ನು ಮೀರಿದವರಲ್ಲಿಯೂ ಅಷ್ಟೆ. ಮೂತ್ರದ ಪರೀಕ್ಷೆಯು ಸಂಶಯವನ್ನೆತ್ತಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ. ಆದರೆ ಮೂರು ಅಳತೆಗಳೂ ಒಂದೇ ಕಡೆಗೆ ಬೆರಳು ತೋರಿದಾಗ ನಾಲ್ವರಲ್ಲಿ ಮೂವರಿಗೆ ಕ್ಯಾನ್ಸರಿತ್ತು. ಮೂರೂ ಹಾಗೆ ಕೂಡಿಬಾರದಿದ್ದವರಲ್ಲಿ ನೂರಕ್ಕೆ ೯೯.೭ರಷ್ಟು ಮಂದಿಗೆ ಅದು ಇರಲಿಲ್ಲ. ಒಂಟಿಯಾಗಿ ದುರ್ಬಲವಾದ ಮೂರು ಸಾಕ್ಷಿಗಳು ಒಟ್ಟುಗೂಡಿ ಬಲವಾದ ಸಾಕ್ಷ್ಯವಾದುವು. ಇದನ್ನು ತಿಳಿಯಬೇಕಾದರೂ ಎರಡು ಸಾವಿರ ರೋಗಿಗಳು ಬೇಕಾದರೆಂಬುದನ್ನು ಮರೆಯಬಾರದು. ಅವರಲ್ಲಿ ಈ ಕ್ಯಾನ್ಸರಿದ್ದವರು ೯೮ ಮಂದಿ. ಒಂದೇ ಆಸ್ಪತ್ರೆಯು ತನ್ನ ಪಾಡಿಗೆ ತಾನು ಕಾದು ಕುಳಿತಿದ್ದರೆ ಅಷ್ಟು ಮಂದಿಯನ್ನು ಕಾಣಲು ಹಲವು ದಶಕಗಳೇ ಹಿಡಿಯುತ್ತಿದ್ದುವು.

ಚಿಕಿತ್ಸೆಯ ಇತಿಹಾಸವೂ ಇದನ್ನೇ ಹೇಳುತ್ತದೆ. ೧೯೪೯ರಲ್ಲಿ ಅಮೆರಿಕದ ನೆಲ್ಸನ್ ಮತ್ತು ವುಡರ್ಡ್ ಎಂಬ ಸಂಶೋಧಕರು ಡಿ.ಡಿ.ಟಿ.ಯ ಸಮೀಪದ ಬಂಧುವಾದ ಡಿ.ಡಿ.ಡಿ. ಎಂಬ ಕೀಟನಾಶಕವನ್ನು ನಾಯಿಗಳಿಗೆ ತಿನ್ನಿಸಿದಾಗ ಅವುಗಳ ಅಡ್ರಿನಲ್ ತೊಗಟೆ ಕ್ಷಯಿಸಿದುದನ್ನು ಕಂಡರು. ಅವರು ಪರೀಕ್ಷಿಸುತ್ತಿದ್ದುದು ಕೀಟನಾಶಕದ ವಿಷಗುಣವನ್ನು, ಕ್ಯಾನ್ಸರಿನ ಔಷಧವನ್ನಲ್ಲ. ಆದರೆ ತೊಗಟೆಯನ್ನೇ ಆರಿಸಿ ನಾಶಮಾಡುವ ವಿಷವು ತೊಗಟೆಯ ಕ್ಯಾನ್ಸರಿಗೆ ಮದ್ದಾಗಬಾರದೇಕೆ? ೧೯೬೦ರ ಸುಮಾರಿಗೆ ಅದರದೇ ಒಂದು ರೂಪವನ್ನು ರೋಗಿಗಳಿಗೆ ಕೊಟ್ಟುನೋಡಲಾಯಿತು. ಮೈಟೊಟೇನ್ ಎಂಬ ಹೆಸರಿನ ಆ ಔಷಧಕ್ಕೆ ೧೯೭೦ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಇಂದಿಗೂ ಈ ವ್ಯಾಧಿಯ ಮುಖ್ಯ ಔಷಧ ಅದೇ. ಅದರ ಬಳಕೆ ಕತ್ತಿಯ ಅಲಗಿನ ಮೇಲಣ ನಡಿಗೆ. ರಕ್ತದಲ್ಲಿ ಅದು ಲೀಟರಿಗೆ ೧೪ರಿಂದ ೨೦ ಮಿಲಿಗ್ರಾಮಿನಷ್ಟಿರಬೇಕೆಂದು ವೈದ್ಯರು ನೋಡಿಕೊಳ್ಳುತ್ತಾರೆ. ಕಡಿಮೆಯಾದರೆ ಫಲ ಸಾಲದು, ಹೆಚ್ಚಾದರೆ ಮಿದುಳು ನರಗಳಿಗೆ ತೊಂದರೆ. ಉಳಿದಿರುವ ಆರೋಗ್ಯವಾದ ಗ್ರಂಥಿಯನ್ನೂ ಅದು ಬಿಡುವುದಿಲ್ಲವಾದ್ದರಿಂದ ಹಾರ್ಮೋನನ್ನು ಹೊರಗಿನಿಂದ ಕೊಡಬೇಕಾಗುತ್ತದೆ.

ಇಷ್ಟು ಕಠಿಣವಾದ ಔಷಧವನ್ನು ಯಾರಿಗೆ ಕೊಡಬೇಕು, ಯಾರಿಗೆ ಬೇಡ? ಊಹೆಯಿಂದ ನಿರ್ಧರಿಸುವಂತಿಲ್ಲ. ೨೦೧೨ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ೧೨ ದೇಶಗಳ ೩೦೪ ರೋಗಿಗಳು ಪಾಲ್ಗೊಂಡಿದ್ದರು. ವ್ಯಾಧಿ ಮುಂದುವರಿದವರಿಗೆ ಮೈಟೊಟೇನಿನೊಡನೆ ಬೇರೆ ಮೂರು ಔಷಧಗಳನ್ನು ಕೂಡಿಸಿ ಕೊಟ್ಟಾಗ ರೋಗವು ಸರಾಸರಿ ಐದು ತಿಂಗಳು ತಡೆಹಿಡಿಯಲ್ಪಟ್ಟಿತು. ಹೋಲಿಕೆಗಾಗಿ ಕೊಟ್ಟ ಇನ್ನೊಂದು ಚಿಕಿತ್ಸೆಯಲ್ಲಿ ಎರಡು ತಿಂಗಳಷ್ಟೇ. ಆಯುಷ್ಯದಲ್ಲಿ ನಿಶ್ಚಿತವಾದ ವ್ಯತ್ಯಾಸ ಕಾಣಲಿಲ್ಲ. ೨೦೨೩ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು ಶಸ್ತ್ರಚಿಕಿತ್ಸೆ ಪೂರ್ಣಗೊಂಡು ಅಪಾಯ ಹೆಚ್ಚಿಲ್ಲದವರಿಗೆ ಮೈಟೊಟೇನ್ ಬೇಕೆ ಎಂಬುದನ್ನು ಕುರಿತದ್ದು. ಏಳು ದೇಶಗಳಲ್ಲಿ ಹತ್ತು ವರ್ಷ ಹುಡುಕಿದರೂ ದೊರೆತವರು ೯೧ ಮಂದಿ. ಔಷಧ ತೆಗೆದುಕೊಂಡವರಲ್ಲಿಯೂ, ಬರಿಯ ನಿಗಾದಲ್ಲಿದ್ದವರಲ್ಲಿಯೂ ಸುಮಾರು ಮುಕ್ಕಾಲು ಪಾಲು ಜನ ಐದು ವರ್ಷ ರೋಗ ಮರುಕಳಿಸದೆ ಉಳಿದರು. ಅಂಥವರಿಗೆ ಈ ಕಹಿಮದ್ದನ್ನು ತಪ್ಪಿಸಬಹುದೆಂದು ಈಗ ಧೈರ್ಯವಾಗಿ ಹೇಳಬಹುದು. ಆ ೯೧ ಮಂದಿಯ ಸಹಕಾರವಿಲ್ಲದಿದ್ದರೆ ಮುಂದಿನವರೆಲ್ಲರೂ ಬೇಡದ ವಿಷವನ್ನು ನುಂಗುತ್ತಲೇ ಇರಬೇಕಾಗಿತ್ತು.

ಎಣಿಸಿ ನೋಡಿದವರಿಗೆ ಮಾತ್ರ ಕಾಣುವ ಇನ್ನೊಂದು ಸಂಗತಿಯನ್ನು ದಕ್ಷಿಣ ಬ್ರೆಜಿಲ್ ತೋರಿಸಿಕೊಟ್ಟಿತು. ಅಲ್ಲಿನ ಮಕ್ಕಳಲ್ಲಿ ಈ ಗ್ರಂಥಿಯ ಗಂತಿಗಳು ಜಗತ್ತಿನ ಇತರೆಡೆಗಳಿಗಿಂತ ಹತ್ತು ಹದಿನೈದು ಪಾಲು ಅಧಿಕವೆಂದು ವೈದ್ಯರು ಗಮನಿಸಿದರು. ೨೦೦೧ರಲ್ಲಿ ಸಂಶೋಧಕರು ಅಂಥ ೩೬ ಮಕ್ಕಳನ್ನು ಪರೀಕ್ಷಿಸಿದಾಗ ೩೫ ಮಕ್ಕಳಲ್ಲಿ ಪಿ-೫೩ ಎಂಬ ಪ್ರೋಟೀನಿನ ಜೀನಿನಲ್ಲಿ ಒಂದೇ ಬಗೆಯ ಮಾರ್ಪಾಡು ಕಂಡುಬಂದಿತು. ಆ ಪ್ರೋಟೀನಿನ ೩೯೩ ಮಣಿಗಳ ಸರದಲ್ಲಿ ೩೩೭ನೆಯ ಮಣಿ ಮಾತ್ರ ಬದಲಾಗಿತ್ತು. ಪಿ-೫೩ ಎಂಬುದು ಕೆಟ್ಟ ಜೀವಕಣಗಳು ವೃದ್ಧಿಯಾಗದಂತೆ ತಡೆಯುವ ಕಾವಲುಗಾರ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದು ಕೆಟ್ಟಿರುತ್ತದೆ. ಮುಂದೆ ಪರನಾ ಎಂಬ ರಾಜ್ಯದಲ್ಲಿ ೧,೭೧,೬೪೯ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಲಾಗಿ ೪೬೧ ಶಿಶುಗಳಲ್ಲಿ ಆ ಮಾರ್ಪಾಡು ದೊರೆಯಿತು. ಅದನ್ನು ಹೊತ್ತ ಮಕ್ಕಳೆಲ್ಲರಿಗೂ ರೋಗ ಬರುವುದಿಲ್ಲ. ಆದರೆ ಅವರನ್ನು ನಿಗಾದಲ್ಲಿಟ್ಟರೆ ಗಂತಿಯನ್ನು ಸಣ್ಣದಿರುವಾಗಲೇ ಕಂಡು ತೆಗೆಯಬಹುದು. ಒಂದು ಪ್ರಾಂತದ ವಿರಳ ವ್ಯಾಧಿಯ ಅಧ್ಯಯನವು ಎಲ್ಲ ಕ್ಯಾನ್ಸರುಗಳಿಗೂ ಸಂಬಂಧಿಸಿದ ಪ್ರೋಟೀನೊಂದರ ಮೇಲೆ ಹೀಗೆ ಬೆಳಕು ಚೆಲ್ಲಿತು.

ನಮ್ಮ ನಾಡಿಗೆ ಬರೋಣ. ೨೦೧೧ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ೬ ಕೋಟಿ ೧೧ ಲಕ್ಷ. ಪರದೇಶಗಳಲ್ಲಿ ಕಂಡಿರುವ ಪ್ರಮಾಣವೇ ಇಲ್ಲಿಯೂ ಇದೆಯೆಂದು ಭಾವಿಸಿದರೆ, ವರ್ಷಕ್ಕೆ ಅರವತ್ತರಿಂದ ನೂರಿಪ್ಪತ್ತು ಮಂದಿಗೆ ಈ ವ್ಯಾಧಿ ತಗಲಬೇಕು. ಇಡೀ ಭಾರತದಲ್ಲಿ ಅಂಥವರ ಸಂಖ್ಯೆ ಸಾವಿರವನ್ನು ಮೀರುವುದು. ಹತ್ತು ಲಕ್ಷಕ್ಕೊಬ್ಬರು ಎಂದಾಗ ಶೂನ್ಯದಂತೆ ತೋರಿದ ಸಂಖ್ಯೆಯು ಈಗ ಒಂದು ದೊಡ್ಡ ಹಳ್ಳಿಯ ಜನರಷ್ಟಾಯಿತು! ಆದರೆ ಅವರು ನೂರಾರು ಊರುಗಳಲ್ಲಿ ಚದುರಿಹೋಗಿರುವರು. ಜಿಲ್ಲೆಯ ಆಸ್ಪತ್ರೆಯ ವೈದ್ಯರೊಬ್ಬರು ತಮ್ಮ ಇಡೀ ವೃತ್ತಿಜೀವನದಲ್ಲಿ ಇಂಥ ಒಬ್ಬ ರೋಗಿಯನ್ನೂ ಕಾಣದೆ ಹೋಗಬಹುದು. ಆದುದರಿಂದ ಅನುಭವವಿರುವ ಕೆಲವು ಕೇಂದ್ರಗಳಿಗೆ ಇಂಥವರನ್ನು ಕಳುಹಿಸಿಕೊಡುವ ವ್ಯವಸ್ಥೆಯೂ, ಎಲ್ಲ ಕೇಂದ್ರಗಳ ವಿವರಗಳನ್ನು ಒಂದೇ ಕಡತದಲ್ಲಿ ಕೂಡಿಸುವ ವ್ಯವಸ್ಥೆಯೂ ಅತ್ಯಗತ್ಯವೆಂದು ನಮಗೆ ತೋರುತ್ತದೆ. ಯೂರೋಪಿನ ಸಂಶೋಧಕರು ಅಡ್ರಿನಲ್ ಗಂತಿಗಳಿಗಾಗಿಯೇ ೨೦೦೨ರಲ್ಲಿ ಒಕ್ಕೂಟವನ್ನು ರಚಿಸಿಕೊಂಡರು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಯಾನ್ಸರ್ ನೋಂದಣಿ ಕಾರ್ಯವು ೧೯೮೨ರಿಂದ ನಡೆದುಬಂದಿದೆ. ಆರಂಭದಲ್ಲಿಯೇ ಅದಕ್ಕೆ ಸೇರಿದ ನಗರಗಳಲ್ಲಿ ಬೆಂಗಳೂರೂ ಒಂದು. ಎಣಿಕೆಯು ಮೊದಲನೆಯ ಮೆಟ್ಟಿಲು. ವಿರಳ ಕ್ಯಾನ್ಸರುಗಳ ವಿಷಯದಲ್ಲಿ ಚಿಕಿತ್ಸೆಯೇನಾಯಿತು, ಅಳತೆಗಳೇನಿದ್ದುವು, ರೋಗಿಯ ಗತಿಯೇನಾಯಿತು ಎಂಬ ಮುಂದಿನ ಮೆಟ್ಟಿಲುಗಳನ್ನೂ ಅದರ ಮೇಲೆ ಕಟ್ಟಬೇಕು.

ಬಡವರ ನಾಡಿನಲ್ಲಿ ಇದು ದುಬಾರಿಯಲ್ಲವೆ ಎಂಬ ಆಕ್ಷೇಪಣೆಗೆ ಈಗ ಉತ್ತರ ಹೇಳಬಹುದು. ಮೊದಲನೆಯದಾಗಿ, ವಿರಳ ಕ್ಯಾನ್ಸರುಗಳು ಒಂದೊಂದಾಗಿ ವಿರಳವೇ ಹೊರತು ಒಟ್ಟಾಗಿ ವಿರಳವಲ್ಲ. ಯೂರೋಪಿನ ಲೆಕ್ಕದಲ್ಲಿ ಅವೆಲ್ಲವೂ ಸೇರಿದರೆ ಒಟ್ಟು ಕ್ಯಾನ್ಸರುಗಳ ಐದನೆಯ ಒಂದು ಪಾಲನ್ನು ಮೀರುತ್ತವೆ. ಎರಡನೆಯದಾಗಿ, ನಾವು ಕೇಳುತ್ತಿರುವುದು ಊರೂರಿಗೂ ದೊಡ್ಡ ಯಂತ್ರಗಳನ್ನಲ್ಲ. ಇರುವ ಅಳತೆಗಳನ್ನು ಜೋಪಾನವಾಗಿ ಬರೆದಿಟ್ಟು ಹಂಚಿಕೊಳ್ಳುವ ಶಿಸ್ತನ್ನು. ಅದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು. ಮೂರನೆಯದಾಗಿ, ಹೆಸರೇ ತಿಳಿಯದ ರೋಗವನ್ನು ಹೊತ್ತು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಕುಟುಂಬವು ತೆರುವ ಬೆಲೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದ ಮಾತ್ರಕ್ಕೆ ಆ ಬೆಲೆ ಇಲ್ಲವೆಂದಾಗುವುದಿಲ್ಲ.

ವಿದ್ಯಾರ್ಥಿಗಳಿಗೆ ಎರಡು ಮಾತು. ಇದನ್ನೋದಿ ಯಾರೂ ಹೆದರಬೇಕಾದುದಿಲ್ಲ. ಅಡ್ರಿನಲ್ ಗ್ರಂಥಿಯಲ್ಲಿ ಗಂಟಿದೆಯೆಂದರೆ ಕ್ಯಾನ್ಸರೆಂದು ಅರ್ಥವಲ್ಲ. ಮುಖ ಗುಂಡಗಾಗುವುದಕ್ಕೆ ಅತ್ಯಂತ ಸಾಮಾನ್ಯವಾದ ಕಾರಣಗಳಲ್ಲಿ ಒಂದು ಸ್ಟೀರಾಯ್ಡ್ ಔಷಧಗಳ ದೀರ್ಘಕಾಲದ ಸೇವನೆ. ವೈದ್ಯರ ಸಲಹೆಯಿಲ್ಲದೆ ಅವನ್ನು ನುಂಗುವುದೂ, ಬಹುಕಾಲ ತೆಗೆದುಕೊಂಡು ಥಟ್ಟನೆ ನಿಲ್ಲಿಸುವುದೂ ಎರಡೂ ಅಪಾಯವೆಂಬುದನ್ನು ಮನೆಯವರಿಗೆ ತಿಳಿಸಿ ಹೇಳಿ. ಹಾಗೆಂದು, ಲಕ್ಷಣಗಳು ಬೇಗಬೇಗನೆ ತೋರಿದಾಗ ವೈದ್ಯರಲ್ಲಿಗೆ ಹೋಗಲು ತಡಮಾಡಲೂ ಬಾರದು. ಎರಡನೆಯ ಮಾತು ವಿದ್ಯಾಭ್ಯಾಸವನ್ನು ಕುರಿತದ್ದು. ಈ ಒಂದು ವ್ಯಾಧಿಯನ್ನು ಅರಿಯಲು ಕ್ಷ-ಕಿರಣದ ಭೌತಶಾಸ್ತ್ರ, ಸ್ಟೀರಾಯ್ಡುಗಳ ರಸಾಯನಶಾಸ್ತ್ರ, ಜೀನುಗಳ ಜೀವಶಾಸ್ತ್ರ, ಸಂಭಾವ್ಯತೆಯ ಗಣಿತ ಇವೆಲ್ಲವೂ ಬೇಕಾದುವು. ನಮ್ಮ ಕಾಲೇಜುಗಳಲ್ಲಿ ಈ ಶಾಸ್ತ್ರಗಳ ನಡುವೆ ಎದ್ದಿರುವ ಗೋಡೆಗಳು ವೇಳಾಪಟ್ಟಿಯ ಅನುಕೂಲಕ್ಕಾಗಿ ಕಟ್ಟಿದುವು. ರೋಗಿಯ ದೇಹದಲ್ಲಿ ಅಂಥ ಗೋಡೆಗಳಿಲ್ಲ. ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಕೆಲವರು ಯಂತ್ರಗಳನ್ನು ನಿರ್ಮಿಸುವಿರಿ, ಕೆಲವರು ಅಂಕಿ ಅಂಶಗಳನ್ನು ಕಾಯುವಿರಿ. ಯಾವ ಕೆಲಸದಲ್ಲಿದ್ದರೂ, ಅಪರೂಪವಾದುದೊಂದು ಕಣ್ಣಿಗೆ ಬಿದ್ದಾಗ ಅದನ್ನು ಅಪವಾದವೆಂದು ತಳ್ಳಿಹಾಕದೆ ತಾರೀಖು ಸಹಿತ ಬರೆದಿಡಿ; ಬರೆದುದನ್ನು ಇತರರಿಗೆ ಕೊಡಿ. ದೂರದ ಇನ್ನೊಂದು ಊರಿನಲ್ಲಿ ಅಂಥದೇ ಒಂದನ್ನು ಕಂಡವನು ನಿಮ್ಮ ಬರಹಕ್ಕಾಗಿ ಕಾಯುತ್ತಿರಬಹುದು.